ಅರಳೆಯ ಮನೆಗೆ ಬಂದ ಬಾದಾಮಿ ಮತ್ತು ಪಿಸ್ತಾ

ತನ್ನ ಸಾಮಾನು ಇಳಿಸುವಾಗ ಮದುಮಗಳು ಸುಮಯ್ಯಾ ಬಟ್ಟೆ ಮುಚ್ಚಿದ್ದ ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ನಿಪ್ಪಾಣಿಯ ನಮ್ಮ ಓಣಿಯ ಹೆಂಗಸರೆಲ್ಲ ಹೊಸ ಸೊಸೆಯನ್ನು ನೋಡಲು, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಮರುನ್ನಿಸಾ ಖಾಲಾ ಅವರ ಪಡಸಾಲೆಯಲ್ಲಿ ಸೇರಿದ್ದೆವು. ಬುಟ್ಟಿಯಲ್ಲಿ ತವರಿನ ಮಿಠಾಯಿ ಇದ್ದೀತು ಎಂದುಕೊಂಡ ಎದುರು ಮನೆಯ ಲಕ್ಷ್ಮಿಬಾಯಿ ಮೆಲ್ಲಗೆ ಬಟ್ಟೆ ಸರಿಸಿದರು. ಸರಿಸಿದವರೇ ಕಿಟಾರನೆ ಕಿರುಚಿ ನನ್ನ ಮೇಲೆ ಬಿದ್ದರು.

"ಅಯ್ಯಯ್ಯ, ಇಲಿ! ಇಲಿ ಅದಾವ್ರಿ ಇದರಾಗ!"

ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದ ಖಾಲಾ ಅವರ ಮುಖ ಬಿಳಿಚಿಕೊಂಡಿತು. ಬುಟ್ಟಿಯ ಮೂಲೆಯಲ್ಲಿ ಬೂದುಗಂದು ಬಣ್ಣದ ಎರಡು ಪುಟ್ಟ ಪ್ರಾಣಿಗಳು ಹಿಂಗಾಲ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದವು.

"ಇಲಿ ಅಲ್ರಿ ಅಮ್ಮಾ, ಜರ್ಬಿಲ್, ಮನ್ಯಾಗ ಸಾಕೂ ಪ್ರಾಣಿ," ಎಂದಳು ಸುಮಯ್ಯಾ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಮಿರಜದಾಗ ಕಾಲೇಜಿಗೆ ಇದ್ದಾಗ ತಂದಿದ್ದೆ. ಅಕ್ಕ ತಂಗಿ ಇವು. ಇಕಿ ಬಾದಾಮಿ, ಇಕಿ ಪಿಸ್ತಾ."

"ಬಾಲ ಐತಿಲ್ಲ?" ಎಂದರು ಖಾಲಾ.

"ಐತ್ರಿ."

"ಹಲ್ಲ?"

"ಅವೂ ಅದಾವ್ರಿ."

"ಮತ್ತ ಇಲಿನ ಅವು!"

ತಟ್ಟೆಯನ್ನು ನನ್ನ ಕೈಗೆ ತುರುಕಿ ಖಾಲಾ ಒಳಗೆ ಹೋದರು. ಮಗ ಜಾಕೀರ ನೆಲ ನೋಡುತ್ತ ನಿಂತಿದ್ದ. ಅವನಿಗೆ ಇದು ಮೊದಲೇ ಗೊತ್ತಿತ್ತು, ತಾಯಿಗೆ ಹೇಳುವ ಧೈರ್ಯವಾಗಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಖಾಲಾ ಇಲಿಗೆ ಹೆದರುವ ಹೆಂಗಸಲ್ಲ. ಆದರೆ ಅವರದು ಗಾದಿ ಮಾಡುವ ಮನೆ. ಐಗಳಿಯಿಂದ ಮದುವೆಯಾಗಿ ಬಂದಾಗ ಅವರ ಗಂಡ ಇಮಾಮಸಾಬ ಹಿಂಜುವ ಬಿಲ್ಲು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಅರಳೆ ಹಿಂಜುತ್ತಿದ್ದರು. ಆಮೇಲೆ ಓಣಿಯಲ್ಲೇ ಅಂಗಡಿ ಹಾಕಿದರು. ಗಂಡ ಹಿಂಜುವುದು, ಹೆಂಡತಿ ತುಂಬಿ ಟಾಕಿ ಹಾಕಿ ಹೊಲಿಯುವುದು. ನನ್ನ ಮದುವೆಯ ಗಾದಿ ಅವರದೇ, ನನ್ನ ಮಕ್ಕಳು ಮಲಗಿದ ಚಿಕ್ಕ ಗಾದಿಗಳೂ ಅವರವೇ. ಒಂದು ಮಳೆಗಾಲದಲ್ಲಿ ಅಥಣಿಯ ಒಂದು ಮನೆಯವರು ಮದುವೆಗೆಂದು ಜೋಡಿ ಗಾದಿ ಹೇಳಿದ್ದರು. ಬೀಗರೆಲ್ಲ ನೆರೆದ ಹೊತ್ತಿನಲ್ಲಿ ಗಾದಿ ಬಿಚ್ಚಿ ಹಾಸಿದರೆ, ಮೂಲೆಯ ಹೊಲಿಗೆ ಹರಿದು ಕಣ್ಣು ತೆರೆಯದ ಇಲಿಮರಿಗಳು ಹೊಸ ಚಾದರದ ಮೇಲೆ ಉದುರಿದವಂತೆ. ಇಮಾಮಸಾಬ ಎರಡೂ ಗಾದಿ ಹೊತ್ತು ವಾಪಸು ತಂದು ಹಿತ್ತಲಲ್ಲಿ ಸುಟ್ಟರು. ಆ ಹೊಗೆಯ ನಾತ ಇನ್ನೂ ಮೂಗಿನಲ್ಲಿದೆ ಎಂದು ಖಾಲಾ ಹೇಳುತ್ತಿದ್ದರು. ಗಂಡ ತೀರಿಕೊಂಡು, ಮಗ ಹಿಂಜುವ ಮಷೀನು ತಂದ ಮೇಲೂ, ಬೆಳಗೆದ್ದು ಗೋದಾಮಿನ ಮೂಲೆ ಮೂಲೆಯಲ್ಲಿ ಇಲಿಯ ಹಿಕ್ಕೆ ಹುಡುಕುವುದು ಅವರ ಮೊದಲ ಕೆಲಸವಾಗಿತ್ತು. ಅಂಥ ಮನೆಗೆ ಸೊಸೆ ತವರಿನಿಂದ ಇವನ್ನು ತಂದಿದ್ದಳು.

ಈ ಪ್ರಾಣಿಗಳಿಗೆ ಉಗಾರ ಬುದ್ರುಕದ ತವರಿನಲ್ಲಿ ದೊಡ್ಡ ಗಾಜಿನ ಪೆಟ್ಟಿಗೆಯೇ ಇತ್ತಂತೆ. ಸಾಮಾನಿನ ಟೆಂಪೊ ಚಿಕ್ಕೋಡಿ ದಾಟುವಾಗ ಗುಂಡಿಗೆ ಇಳಿದು ಪೆಟ್ಟಿಗೆ ಒಡೆದದ್ದರಿಂದ ಅವನ್ನು ಬುಟ್ಟಿಗೆ ಹಾಕಿಕೊಂಡಿದ್ದಳು. "ಪ್ಲಾಸ್ಟಿಕ್ ಇವಕ್ಕ ನಡಿಯಂಗಿಲ್ರಿ, ಕಡದ ಹಾಕತಾವ," ಎಂದು ಸುಮಯ್ಯಾ ಅವತ್ತೇ ಗಂಡನಿಗೆ ಹೇಳಿದಳು. "ನಾಳೆ ನೋಡೋಣು ತಗೋ," ಎಂದ ಜಾಕೀರ.

ಬೆಳಗಾದರೆ ಬುಟ್ಟಿಯಲ್ಲಿ ಕೈ ತೂರುವಷ್ಟು ತೂತು! ಎರಡೂ ಇರಲಿಲ್ಲ.

ಖಾಲಾ ಹೊರಗೆ ಬಂದು ತಲೆಯ ಮೇಲೆ ಕೈ ಹೊತ್ತು ನಿಂತದ್ದನ್ನು ನಾನು ನಮ್ಮ ಕಟ್ಟೆಯಿಂದಲೇ ಕಂಡೆ. "ಭಾಗ್ಯಾ, ಗೋದಾಮಕ್ಕ ಹೊಕ್ಕಾವ ನೋಡ ಬೇ! ಅರಳ್ಯಾಗ ಹೊಕ್ಕಾವ!" ನಾನೂ ಓಡಿದೆ. ಅರಳೆಯ ಚೀಲಗಳನ್ನೆಲ್ಲ ಅಂಗಳಕ್ಕೆ ಎಳೆದೆವು. ಬಾದಾಮಿ ಅರ್ಧ ತುಂಬಿದ ತಲೆದಿಂಬಿನೊಳಗೆ ಸಿಕ್ಕಿತು. ಮೆಹಂದಿ ಇನ್ನೂ ಆರದಂತಿದ್ದ ಕೈಗಳಿಂದ ಸುಮಯ್ಯಾ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಪಿಸ್ತಾಳನ್ನು ಕಂಡವರು ಖಾಲಾ. ಕೊನೆಯ ಚೀಲದ ಬಾಯಿ ಬಿಚ್ಚಿ, ಹೊಡೆಯಲು ಕಸಬರಿಗೆ ಎತ್ತಿದವರು ಹಾಗೇ ನಿಂತುಬಿಟ್ಟರು.

ಚೀಲದೊಳಗೆ ಕುಳಿತ ಪಿಸ್ತಾ ಮುಂಗಾಲಿನಲ್ಲಿ ಅರಳೆಯ ಉಂಡೆ ಹಿಡಿದು, ಹಲ್ಲಿನಿಂದ ಎಳೆ ಎಳೆಯಾಗಿ ಬಿಡಿಸುತ್ತಿತ್ತು. ಬಿಡಿಸಿದ್ದನ್ನು ಪಕ್ಕಕ್ಕೆ ತಳ್ಳುವುದು, ಮತ್ತೊಂದು ಉಂಡೆ ಹಿಡಿಯುವುದು. ಅದರ ಸುತ್ತ ಬಿಳಿಯ ನೊರೆಯಂಥ ಗುಪ್ಪೆ ಬಿದ್ದಿತ್ತು.

"ಹಿಂಜಾಕತ್ತೈತಿ," ಎಂದರು ಖಾಲಾ, ಯಾರಿಗೂ ಹೇಳದವರಂತೆ. "ಯಾ ಅಲ್ಲಾ, ಇದು ಅರಳಿ ಹಿಂಜಾಕತ್ತೈತಿ!"

ಕಸಬರಿಗೆ ಕೆಳಗಿಳಿಯಿತು. ಅವರು ಸೊಸೆಯತ್ತ ತಿರುಗಿ, "ಗಾಜಿನ ಪೆಟ್ಟಗಿ ಎಷ್ಟ ದೊಡ್ಡದು ಬೇಕು?" ಎಂದು ಕೇಳಿದರು.

ಪೇಟೆಯ ಒಂದು ಸಲೂನಿನಲ್ಲಿ ಮೀನು ಸತ್ತು ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿ ಇತ್ತು. ಜಾಕೀರ ಅದನ್ನು ತಂದು ತೊಳೆದು ಒಣಗಿಸಿದ. ಮೇಲೆ ಮುಚ್ಚಲು ಕಬ್ಬಿಣದ ಜಾಳಿಗೆಯ ಮುಚ್ಚಳ ಮಾಡಿಸಿದ. ನೇರ ಬಿಸಿಲು ಬೀಳದ ಪಡಸಾಲೆಯ ಮೂಲೆಯಲ್ಲಿ ಅದನ್ನು ಇಟ್ಟಾಯಿತು. ಹಾಸಿಗೆಯ ವಿಷಯಕ್ಕೆ ಬಂದಾಗ ಸುಮಯ್ಯಾ ಬಹಳ ಕಟ್ಟುನಿಟ್ಟು. ಇವು ನೆಲ ತೋಡಿ ಬಿಲ ಮಾಡಿಕೊಂಡು ಬದುಕುವ ಜಾತಿ, ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಏನಾದರೂ ತುಂಬಲೇಬೇಕು ಎಂದಳು. ಬಡಿಗ ಗಂಗಾರಾಮ ಒಂದು ಚೀಲ ಕಟ್ಟಿಗೆಯ ಪುಡಿ ತಂದುಕೊಟ್ಟ. ಅವಳು ಮುಷ್ಟಿಯಲ್ಲಿ ಹಿಡಿದು ಮೂಸಿ, ಬಹಳ ಸಣ್ಣ ಪುಡಿ, ಯಾವ ಯಾವ ಕಟ್ಟಿಗೆಯೋ ಏನೋ, ಇವುಗಳ ಮೂಗಿಗೆ ಹೊಕ್ಕು ದಮ್ಮು ಹತ್ತುತ್ತದೆ ಎಂದು ವಾಪಸು ಕೊಟ್ಟಳು. ನಾನು ತಂಬಾಕು ಶೇಖರಿಸುವ ವಖಾರಿಯಿಂದ ಖಾಲಿ ರಟ್ಟಿನ ಡಬ್ಬಿಗಳನ್ನು ತಂದರೆ, ತಂಬಾಕಿನ ವಾಸನೆ ಬರುತ್ತದೆ ಎಂದು ಅವನ್ನೂ ಬೇಡವೆಂದಳು. ಕಡೆಗೆ ಬಟ್ಟೆ ಅಂಗಡಿಯ, ಬಣ್ಣ ಅಚ್ಚು ಏನೂ ಇಲ್ಲದ ರಟ್ಟು ತರಿಸಿ ಹರಿದು, ಒಣ ಹುಲ್ಲಿನ ಜೊತೆ ಕಲಸಿ ತುಂಬಿದಳು.

ಖಾಲಾ ಇದನ್ನೆಲ್ಲ ನೋಡುತ್ತ ಕೂತಿದ್ದರು. ಸೊಸೆ ಆಚೆ ಹೋದಾಗ ನನ್ನ ಮುಂದೆ ಹೇಳಿಕೊಂಡರು. "ಊರಿಗೆಲ್ಲಾ ಮೆತ್ತನ ಗಾದಿ ಹಾಕಿಕೊಟ್ಟ ಮನಿ ನಮ್ಮದು. ನಮ್ಮ ಮನ್ಯಾಗಿನ ಜೀವ ರಟ್ಟಿನ ಚೂರಿನ ಮ್ಯಾಲ ಮಲಗಬೇಕೇನ ಭಾಗ್ಯಾ?"

ಸುಮಯ್ಯಾ ಕೆಲವು ದಿನಗಳ ಮಟ್ಟಿಗೆ ತವರಿಗೆ ಹೋದಳು. ಕಾಳು, ನೀರು ಹಾಕುವುದನ್ನು ಅತ್ತೆಗೆ ತೋರಿಸಿಯೇ ಹೋಗಿದ್ದಳು. ಆಗ ಖಾಲಾ ಅಟ್ಟದಲ್ಲಿದ್ದ ಗಂಡನ ಹಳೆಯ ಬಿಲ್ಲನ್ನು ಇಳಿಸಿದರು. ಮಷೀನಿನ ಅರಳೆ ಅವರಿಗೆ ಸರಿಕಾಣಲಿಲ್ಲ. ಮಧ್ಯಾಹ್ನವೆಲ್ಲ ಕೂತು ಕೈಯಾರೆ ಹಿಂಜಿದರು. ಊದಿದರೆ ಹಾರುವಂಥ ಅರಳೆ ಅದು. ತೊಟ್ಟಿಯ ಮೂಲೆಯಲ್ಲಿ ಅದನ್ನು ಇಟ್ಟು ನನ್ನನ್ನು ಕೂಗಿ ಕರೆದರು. ಎರಡೂ ಅದರೊಳಗೆ ನುಗ್ಗಿ ದುಂಡಗೆ ಗೂಡು ಕಟ್ಟಿ, ಒಂದರ ಮೇಲೊಂದು ಬಿದ್ದು ಮಲಗಿದ್ದವು. ಖಾಲಾ ಅವರ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಸುಮಯ್ಯಾ ಮರಳಿದ ದಿನ ನಾನು ಅಲ್ಲೇ ಇದ್ದೆ. ಚಪ್ಪಲಿ ಬಿಟ್ಟವಳೇ ತೊಟ್ಟಿಯ ಹತ್ತಿರ ಹೋದಳು. ಬಿಳಿಯ ಗೂಡನ್ನು ಕಂಡು ಮುಚ್ಚಳ ತೆಗೆದಳು. ಬಾದಾಮಿ ಹೊರಗೆ ಓಡಿ ಬಂತು. ಪಿಸ್ತಾ ಬರಲಿಲ್ಲ. ಗೂಡನ್ನೇ ಎತ್ತಿ ನಿಧಾನ ಬಿಡಿಸಿದರೆ, ಅರಳೆಯ ಎಳೆಗಳು ಹುರಿಗೊಂಡು ಪಿಸ್ತಾಳ ಒಂದು ಹಿಂಗಾಲಿಗೆ ಸುತ್ತಿ ಸುತ್ತಿ ಬಿಗಿದಿದ್ದವು. ಪಾದ ಬಾತು ಕಪ್ಪಾಗಿತ್ತು. ಬಿಡಿಸಿಕೊಳ್ಳಲು ಜಗ್ಗಿದಷ್ಟೂ ಬಿಗಿದಿರಬೇಕು.

"ಯಾರ ಹಾಕಿದ್ರಿ ಇದನ್ನ?" ಸುಮಯ್ಯಾಳ ದನಿ ಓಣಿಯ ತುದಿಗೂ ಕೇಳಿಸಿತು. ಅಂಗಡಿಯಲ್ಲಿದ್ದ ಜಾಕೀರ ಓಡಿ ಬಂದ. "ಯಾರ ಹಾಕಿದ್ರಿ?"

"ನಾನ," ಎಂದರು ಖಾಲಾ.

ಹೊಸ ಸೊಸೆ ಅತ್ತೆಯ ಎದುರು ಹಾಗೆ ಕೂಗಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಖಾಲಾ ಅವರಿಗೆ ಆ ಕೂಗು ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಅವರ ಕಣ್ಣು ಆ ಕಪ್ಪು ಪಾದದ ಮೇಲೇ ನೆಟ್ಟಿತ್ತು. ಕೈ ಚಾಚಿ ಒಂದು ಎಳೆಯನ್ನು ಮುಟ್ಟಿದರು, ಬೆಂಕಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡರು.

"ಅರಳಿ ಬೇ ಅದು," ಎಂದರು. "ಬರೇ ಅರಳಿ."

ದನದ ದವಾಖಾನೆಗೆ ಅತ್ತೆ ಸೊಸೆ ಇಬ್ಬರೂ ಹೋದರು, ಜೊತೆಗೆ ನಾನೂ. ಎಮ್ಮೆ, ಆಡು ಹಿಡಿದುಕೊಂಡು ನಿಂತವರು ನಮ್ಮ ರಟ್ಟಿನ ಡಬ್ಬಿಯನ್ನು ಇಣುಕಿ ಇಣುಕಿ ನೋಡಿದರು. ಡಾಕ್ಟರರು ಇಂಥ ಪ್ರಾಣಿಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲಂತೆ. ಹಾಗೆಂದು ಬಾಯಿಬಿಟ್ಟು ಹೇಳಿ, ಪುಣೆಯ ಗೆಳೆಯರೊಬ್ಬರಿಗೆ ಫೋನು ಮಾಡಿ ಕೇಳಿಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು ಎಳೆಗಳನ್ನು ಕತ್ತರಿಸಿದರು. ಪಾದಕ್ಕೆ ಜೀವ ಮರಳಲಿಲ್ಲ. ಅದನ್ನು ತೆಗೆಯಲೇಬೇಕಾಯಿತು.

"ಅರಳಿ ಹಿಂಗ ಮಾಡತೈತೇನ್ರಿ ಸಾಹೇಬ್ರ?" ಖಾಲಾ ಕೇಳಿದರು.

"ಇಷ್ಟ ಸಣ್ಣ ಕಾಲಿಗೆ ಸುತ್ತಿದರ ಮಾಡತೈತ್ರಿ," ಎಂದರು ಡಾಕ್ಟರರು, ಕೈ ತೊಳೆಯುತ್ತ. "ನುಂಗಿದರ ಕರುಳಾಗೂ ಸಿಗತೈತಿ. ಕೂಸಗಳ ಬೆರಳಿಗೆ ಕೂದಲಾ ದಾರಾ ಸುತ್ತಿ ಹಿಂಗ ಆಗಿದ್ದು ಕೇಳಿಲ್ಲೇನ್ರಿ?"

ಮನೆಗೆ ಬಂದವರೇ ಖಾಲಾ ಬಿಲ್ಲಿನ ಹತ್ತಿರ ಬಿದ್ದಿದ್ದ ಅರಳೆಯನ್ನು ಗೋಣಿಗೆ ತುಂಬಿ ಬಾಯಿ ಕಟ್ಟಿದರು. ಅವತ್ತಿನಿಂದ ಅಂಗಡಿಗೆ ಕಾಲಿಡಲಿಲ್ಲ. ಏಕಸಂಬಿಯಿಂದ ತಾರವ್ವ ಎಂಬವಳು ಮೊಮ್ಮಗನ ತೊಟ್ಟಿಲಿಗೆ ಗಾದಿ ಕೇಳಲು ಬಂದಿದ್ದಳು. ಜಾಕೀರ ಕರೆದರೂ ಖಾಲಾ ಹೊರಗೆ ಬರಲಿಲ್ಲ. "ಇಷ್ಟ ವರ್ಷ ಕೂಸಗಳ ಕೆಳಗ ಅದನ್ನ ಹಾಸೀನಿ ಭಾಗ್ಯಾ," ಎಂದರು ನನಗೆ. "ಯಾವ ಕೂಸಿಗೆ ಏನ ಆತೋ, ಯಾರಿಗೆ ಗೊತ್ತು." ನಾನು ಎಷ್ಟು ಹೇಳಿದರೂ ಆ ದಿಗಿಲು ಇಳಿಯಲಿಲ್ಲ.

ಇಳಿಸಿದವಳು ಸುಮಯ್ಯಾ. ಒಂದು ಮುಂಜಾನೆ ಚಹದ ಕಪ್ಪು ತಂದು ಅತ್ತೆಯ ಮುಂದೆ ಇಟ್ಟು ಕೂತಳು. "ಅಮ್ಮಾ, ಅವತ್ತ ಒದರಿದ್ದು ನಂದು ತಪ್ಪಾತ್ರಿ. ಅರಳಿ ಹಾಕಬ್ಯಾಡ್ರಿ ಅಂತ ನಾನೂ ಹೇಳಿರಲಿಲ್ಲ. ಗಾದ್ಯಾಗ ಅರಳಿ ಬಟ್ಟಿ ಒಳಗ ಇರತೈತ್ರಿ, ಮ್ಯಾಲ ನೀವ ಹಾಕಿದ ಟಾಕಿ ಇರತೈತಿ. ಯಾವ ಕೂಸಿಗೂ ಏನೂ ಆಗಿಲ್ರಿ. ಇವಕ್ಕ ಮಾತ್ರ ಅದು ಬ್ಯಾಡ."

ಖಾಲಾ ಚಹದ ಕಪ್ಪು ಕೈಗೆತ್ತಿಕೊಂಡರು. "ಹಂಗಾರ ಇವಕ್ಕ ಏನ ಹಾಸಬೇಕು, ಹೇಳಿಕೊಡು," ಎಂದರು.

ಪಿಸ್ತಾಳ ಗಾಯ ಆರಿದ ಮೇಲೆ ತೊಟ್ಟಿಯನ್ನು ಹೊಸದಾಗಿ ತುಂಬುವ ಕೆಲಸಕ್ಕೆ ಇಬ್ಬರೂ ಕೂಡಿ ಕೂತರು. ಸುಮಯ್ಯಾ ಆನ್‌ಲೈನ್‌ನಲ್ಲಿ ತರಿಸಿದ ಕಾಗದದ ಹಾಸು, ಒಣ ಹುಲ್ಲು, ಹರಿದ ರಟ್ಟು. ಖಾಲಾ ಒಂದು ಪದರ ಕಾಗದ ಹಾಸಿ ಅಂಗೈಯಿಂದ ಒತ್ತುವರು, ಅದರ ಮೇಲೆ ಹುಲ್ಲು, ಮತ್ತೆ ಕಾಗದ, ಮತ್ತೆ ಒತ್ತು. ಸಡಿಲ ಬಿಟ್ಟರೆ ಬಿಲ ಕುಸಿಯುತ್ತದೆ ಎಂದು ಸುಮಯ್ಯಾ ಹೇಳಿಕೊಟ್ಟಿದ್ದಳು. ಮೇಲೆ ಬಿಚ್ಚಿಕೊಂಡು ಗೂಡು ಮಾಡಲು ಮೃದು ಕಾಗದದ ಪಟ್ಟಿಗಳು. ನೂಲಿನ ಎಳೆ ಒಂದೂ ಇಲ್ಲ. ಸೀರೆಯ ಸೆರಗಿನಿಂದ ದಾರ ಬಿದ್ದೀತೆಂದು ಖಾಲಾ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಮತ್ತೆ ಅವರ ಕೂಗು ಕೇಳಿ ನಾನು ಓಡಿದೆ. ಹೋಗಿ ನೋಡಿದರೆ ತೊಟ್ಟಿಯ ಮೇಲೆ ಮುಚ್ಚಳ ಇದ್ದಂತೆಯೇ ಇದೆ, ಒಳಗೆ ಎರಡೂ ಇಲ್ಲ. "ಹಾರಿ ಹೋದುವೇನ? ಕಬ್ಬಿಣಾನೂ ಕಡದುವೇನ?" ಎಂದು ಖಾಲಾ ಒಂದೇ ಸಮನೆ ಕೇಳುತ್ತಿದ್ದರು. ಸುಮಯ್ಯಾ ನಗುತ್ತ ಅವರ ಭುಜ ಹಿಡಿದು ತೊಟ್ಟಿಯ ಹಿಂಬದಿಗೆ ಕರೆದೊಯ್ದು ನೆಲಕ್ಕೆ ಕೂರಿಸಿದಳು. ಗಾಜಿಗೆ ಹತ್ತಿಕೊಂಡೇ ಒಂದು ಸುರಂಗ ಮೇಲಿನಿಂದ ಓರೆಯಾಗಿ ಇಳಿದಿತ್ತು. ತಳದಲ್ಲಿ ಬಟ್ಟಲಿನಷ್ಟು ಅಗಲದ ಕೋಣೆ. ಅದರಲ್ಲಿ ಕಾಗದದ ಎಳೆಗಳನ್ನು ಹಿಂಜಿ ಹಿಂಜಿ ಮಾಡಿಕೊಂಡ ಹಾಸಿಗೆ. ಬಾದಾಮಿಯ ಬೆನ್ನ ಮೇಲೆ ತಲೆಯಿಟ್ಟು ಪಿಸ್ತಾ ಮಲಗಿತ್ತು. ಮೋಟು ಕಾಲು ಹಾಯಾಗಿ ಚಾಚಿಕೊಂಡಿತ್ತು.

"ಮೂರು ಕಾಲಿನ್ಯಾಗ ಇಷ್ಟ ತೋಡೈತೇನ?" ಎಂದರು ಖಾಲಾ. ಗಾಜಿಗೆ ಹಣೆ ಹಚ್ಚಿ ನೋಡಿದರು. ಅವರ ಉಸಿರಿಗೆ ಗಾಜು ಮಸುಕಾಯಿತು, ಅಂಗೈಯಿಂದ ಒರೆಸಿ ಮತ್ತೆ ನೋಡಿದರು.

ಅಂಗಡಿಯಿಂದ ಜಾಕೀರ ಕರೆದ, ತಲೆದಿಂಬಿಗೆ ಟಾಕಿ ಹಾಕಬೇಕಾಗಿತ್ತು.

"ಬಂದೆ ತಡಿ," ಎಂದರು ಖಾಲಾ, ಪಿಸುದನಿಯಲ್ಲಿ. ಎಷ್ಟೋ ಹೊತ್ತು ಹಾಗೇ ಕೂತು, ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಮತ್ತೆ ಅಂಗಡಿಗೆ ಹೋದರು.