ಕೊನೆಯ ಹಾಳೆ ತಿಂದ ಹಸು

ನಾನು ಚಿಕ್ಕವನಿದ್ದಾಗ ನಮ್ಮ ತರಗತಿಗೆಲ್ಲ ಸೇರಿ ಒಂದು ತಗಡಿನ ಟ್ರಂಕಿನಷ್ಟು ಕಥೆಪುಸ್ತಕಗಳಿದ್ದವು. ನಗಬೇಡಿ ಮಕ್ಕಳೇ, ನಮಗೆ ಅದೇ ದೊಡ್ಡ ಆಸ್ತಿ. ಪುಟಪುಟಕ್ಕೂ ಬಣ್ಣದ ಚಿತ್ರ, ಓದಿದರೆ ನಗು, ನಗುನಗುತ್ತಲೇ ಲೆಕ್ಕವನ್ನೋ ಅಳತೆಯನ್ನೋ ಕಲಿಸಿಬಿಡುವಂಥ ಪುಸ್ತಕಗಳು. ಶನಿವಾರ ಮಧ್ಯಾಹ್ನ ಶಾಲೆ ಬಿಡುವಾಗ ಮಿಸ್ ಟ್ರಂಕಿನ ಬೀಗ ತೆಗೆದು, ಹಾಜರಿ ಕರೆಯುವ ಕ್ರಮದಲ್ಲೇ ವಾರಕ್ಕೆ ಮೂರ್ನಾಲ್ಕು ಮಂದಿಗೆ ಒಂದೊಂದು ಪುಸ್ತಕ ಕೊಡುತ್ತಿದ್ದರು. ಅವರು ಅದನ್ನು ಮನೆಗೆ ಒಯ್ದು, ಸೋಮವಾರ ಎಲ್ಲರ ಮುಂದೆ ನಿಂತು ಓದಿ, ಚಿತ್ರ ತೋರಿಸಬೇಕು. ಪುಸ್ತಕ ಹಾಳಾಯಿತೋ, ಟ್ರಂಕಿಗೆ ಬೀಗ. ವರ್ಷ ಮುಗಿಯುವವರೆಗೆ ಯಾರಿಗೂ ಪುಸ್ತಕವಿಲ್ಲ.

ನನ್ನ ಹೆಸರು ಹಾಜರಿ ಪುಸ್ತಕದ ಕೊನೆಯಲ್ಲಿತ್ತು. ಕಾದು ಕಾದು ಸುಸ್ತಾಗಿದ್ದೆ. ಕೊನೆಗೂ ಸರದಿ ಬಂದಾಗ ನನ್ನ ಕೈಗೆ ಸಿಕ್ಕಿದ್ದು ದರ್ಜಿಯ ಪುಸ್ತಕ. ಕಾಡಿನ ಪ್ರಾಣಿಗಳೆಲ್ಲ ಬಟ್ಟೆ ಹೊಲಿಸಿಕೊಳ್ಳಲು ಒಬ್ಬ ದರ್ಜಿಯ ಹತ್ತಿರ ಬರುತ್ತವೆ. ಜಿರಾಫೆಯ ಕಾಲರಿಗೇ ಒಂದಿಡೀ ಸುರುಳಿ ಬಟ್ಟೆ ಬೇಕು. ಆನೆಯ ಸೊಂಟ ಅಳೆಯಲು ಟೇಪು ಸಾಲದೆ ದರ್ಜಿ ಹಗ್ಗ ತರುತ್ತಾನೆ. ಕೊನೆಗೆ ಹಾವು ಬಂದು, ನನಗೂ ಪ್ಯಾಂಟು ಬೇಕು ಅನ್ನುತ್ತದೆ. ಕಾಲಿಲ್ಲದವರಿಗೆ ಪ್ಯಾಂಟು ಹೊಲಿಯುವುದು ಹೇಗೆ? ದರ್ಜಿ ತಲೆ ಕೆರೆದುಕೊಳ್ಳುತ್ತಾನೆ. ಕೊನೆಯ ಹಾಳೆ ತಿರುಗಿಸಿದರೆ, ಹಾವು ಉದ್ದನೆಯ ಒಂದೇ ಒಂದು ಕಾಲುಚೀಲದೊಳಗೆ ಹೊಕ್ಕು, ಮೂತಿ ಮಾತ್ರ ಹೊರಗಿಟ್ಟು ನಗುತ್ತಿರುತ್ತದೆ! ನಾನು ರಸ್ತೆಯಲ್ಲೇ ಓದಿ ಮುಗಿಸಿ, ಒಬ್ಬನೇ ನಗುತ್ತಾ ಮನೆಗೆ ಬಂದೆ.

ನಮ್ಮದು ರಾಜಾಜಿನಗರದಲ್ಲಿ ಮೂರು ಮನೆಗಳ ವಠಾರ. ಎದುರಿಗೆ ಖಾಲಿ ಸೈಟು, ಸೈಟಿನ ಗೋಡೆಯ ತುಂಬ ಸಿನಿಮಾ ಪೋಸ್ಟರುಗಳು. ಭಾನುವಾರ ಬೆಳಿಗ್ಗೆ ಅಕ್ಕ ತನ್ನ ನೋಟ್‌ಬುಕ್ಕುಗಳಿಗೆ ಲೇಬಲ್ಲು ಹಚ್ಚಲು ಮೈದಾ ಅಂಟು ಕಾಯಿಸಿದ್ದಳು. ಹೈಸ್ಕೂಲು ಸೇರಿದ್ದ ಅಕ್ಕನಿಗೆ ಎಲ್ಲದರಲ್ಲೂ ಶಿಸ್ತು. ಬೆಚ್ಚಗಿನ ಅಂಟಿನ ಹಿಟ್ಟುಹಿಟ್ಟಾದ ವಾಸನೆ ನನಗೆ ಬಲು ಇಷ್ಟ. ಆಗಲೇ ನನಗೆ ದರ್ಜಿ ಪುಸ್ತಕದ ಕೊನೆಯ ಹಾಳೆ ಸಡಿಲವಾಗಿದೆ ಅಂತ ಕಂಡಿತು. ಸರಿಮಾಡಿ ಕೊಟ್ಟರೆ ಮಿಸ್ ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡೆ. ಅಕ್ಕ ಒಳಗೆ ಹೋದದ್ದೇ ತಡ, ಎರಡು ಬೆರಳು ಅದ್ದಿ ಧಾರಾಳವಾಗಿ ಬಳಿದೆ. ಹಾಳೆಯ ಅಂಚಿಗೆ ಸಾಕಿತ್ತು, ನಾನು ಅರ್ಧ ಹಾಳೆಗೆ ಮೆತ್ತಿದೆ. ಆಮೇಲೆ ಪುಸ್ತಕವನ್ನು ಬಿಡಿಸಿ, ಬಿಸಿಲಿಗೆ ಒಣಗಲಿ ಅಂತ ಕಾಂಪೌಂಡಿನ ಗಿಡ್ಡ ಗೋಡೆಯ ಮೇಲಿಟ್ಟು, ಹಾರದಿರಲಿ ಅಂತ ಕಲ್ಲನ್ನೂ ಇಟ್ಟೆ. ಅಷ್ಟು ಜಾಣ ನಾನು!

ನಮ್ಮ ಬೀದಿಯಲ್ಲಿ ಹಾಲಿನವರ ಕೆಂದು ಹಸುವೊಂದಿತ್ತು. ಬೆಳಿಗ್ಗೆ ಹಾಲು ಕರೆದುಕೊಂಡು ಅದನ್ನು ಬಿಟ್ಟುಬಿಡುತ್ತಿದ್ದರು. ಅದು ನೇರ ಪೋಸ್ಟರು ಗೋಡೆಗೆ ಹೋಗಿ, ಹೊಸದಾಗಿ ಅಂಟಿಸಿದ ಹೀರೋನನ್ನು ತಲೆಯಿಂದ ಕಾಲಿನವರೆಗೆ ಮೇಯುತ್ತಿತ್ತು. ಪೋಸ್ಟರಿಗೆ ಹಚ್ಚುವುದೂ ಅದೇ ಮೈದಾ ಅಂಟು ತಾನೇ? ದಿನಾ ನೋಡುತ್ತಿದ್ದ ನನಗೆ ಅವತ್ತು ಮಾತ್ರ ಅದು ಹೊಳೆಯಲೇ ಇಲ್ಲ.

ನೀರು ಕುಡಿದು ಹೊರಗೆ ಬಂದಾಗ ಕಲ್ಲು ಕೆಳಗೆ ಬಿದ್ದಿತ್ತು, ಹಸುವಿನ ಬಾಯಲ್ಲಿ ಹಾವು ಇತ್ತು. ಓಡಿಹೋಗಿ ಪುಸ್ತಕ ಹಿಡಿದು ಎಳೆದೆ. ನಾನು ಈ ಕಡೆ, ಅದು ಆ ಕಡೆ. ಪರ್ರ್ ಅಂತ ಶಬ್ದವಾಯಿತು. ಪುಸ್ತಕ ನನಗೆ ಸಿಕ್ಕಿತು, ಕೊನೆಯ ಹಾಳೆ ಹಸುವಿಗೆ. ಅದು ಅಲ್ಲೇ ನಿಂತು, ಕಣ್ಣು ಅರ್ಧ ಮುಚ್ಚಿ, ನೆಮ್ಮದಿಯಾಗಿ ಅಗಿಯಿತು.

ನಾನು ಗೋಡೆಗೆ ಒರಗಿ ಅತ್ತೆ. ಏಟು ಬೀಳುತ್ತದೆ ಅಂತ ಅಲ್ಲ, ನನ್ನಿಂದ ಇಡೀ ತರಗತಿಗೆ ಪುಸ್ತಕ ತಪ್ಪುತ್ತದಲ್ಲ ಅಂತ. ಅಕ್ಕ ಓಡಿಬಂದಳು.

"ಅಂಟು ಹಚ್ಚಿ ಹಸು ಮುಂದೆ ಇಟ್ಟಿದೀಯಲ್ಲೋ! ಎಲೆ ಹಾಕಿ ಊಟಕ್ಕೆ ಕರೆದ ಹಾಗಾಯ್ತು ಕಣೋ" ಅಂದಳು. ನಗು ತಡೆದುಕೊಳ್ಳಲಾಗದೆ ದಾವಣಿಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡಿ, ಒಳಗಿದ್ದ ಅಪ್ಪನನ್ನು ಕರೆದಳು.

ಅಪ್ಪ ಬೈಯಲಿಲ್ಲ. ಪುಸ್ತಕದ ಜೊಲ್ಲನ್ನು ತಮ್ಮ ಟವೆಲಿನಿಂದ ಒರೆಸಿ, "ಆ ಹಾಳೇಲಿ ಏನಿತ್ತು ಅಂತ ಜ್ಞಾಪಕ ಇದೆಯಾ ಮರಿ?" ಅಂತ ಕೇಳಿದರು. ನನಗೆ ಒಂದಕ್ಷರ ಬಿಡದೆ ನೆನಪಿತ್ತು. ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯ ಬಿಳಿ ಭಾಗವನ್ನು ಪುಸ್ತಕದ ಅಳತೆಗೆ ಕತ್ತರಿಸಿಕೊಟ್ಟರು. ಅಕ್ಕ ದರ್ಜಿಯನ್ನು ಬರೆದಳು. ಹಾವು, ಕಾಲುಚೀಲ, ಅಕ್ಷರ ಎಲ್ಲ ನನ್ನವು. ಕ್ರೇಯಾನಿನಲ್ಲಿ ಬಣ್ಣ ತುಂಬಿದೆ. ಕೊನೆಗೆ, ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ, ಮೂಲೆಯಲ್ಲಿ ಆ ಕೆಂದು ಹಸುವನ್ನೂ ಬರೆದೆ. ಅದು ದರ್ಜಿಯ ಅಂಗಿಯ ತೋಳು ಮೇಯುತ್ತಿತ್ತು.

"ಅಂಟು ಮಾತ್ರ ಬೇಡ" ಅಂದರು ಅಪ್ಪ. ಗೋಣಿಚೀಲ ಹೊಲಿಯುವ ದಬ್ಬಳಕ್ಕೆ ದಾರ ಪೋಣಿಸಿ, ನನ್ನ ಕೈ ಹಿಡಿದು ಹಾಳೆಯನ್ನು ಪುಸ್ತಕಕ್ಕೆ ಹೊಲಿಸಿದರು. ಐದು ಹೊಲಿಗೆ, ಒಂದು ಗಂಟು.

ಸೋಮವಾರ ಏನೂ ಆಗದವನ ಹಾಗೆ ನಿಂತು ಓದಿದೆ. ಜಿರಾಫೆಗೆ ನಕ್ಕರು, ಆನೆಗೆ ನಕ್ಕರು. ಕೊನೆಯ ಹಾಳೆ ತೋರಿಸಿದಾಗ ಎಲ್ಲರಿಗಿಂತ ಮುಂದೆ ಕೂತಿದ್ದವನು ಹಸುವನ್ನು ತೋರಿಸಿ ಜೋರಾಗಿ ನಕ್ಕ, ಇಡೀ ತರಗತಿ ನಕ್ಕಿತು. ಮಿಸ್ ನಗಲಿಲ್ಲ. ಎದ್ದು ಬಂದು ಪುಸ್ತಕ ತೆಗೆದುಕೊಂಡು, ಹಾಳೆಯ ಮೇಲೆ ಬೆರಳಾಡಿಸಿದರು.

"ಈ ಪುಸ್ತಕದಲ್ಲಿ ಹಸು ಇರಲಿಲ್ಲವಲ್ಲ?"

"ಹಸು ತಿಂತು ಮಿಸ್" ಅಂದೆ. ಮತ್ತೆ ನಗು. ಅಂಟಿನಿಂದ ಹಿಡಿದು ದಬ್ಬಳದವರೆಗೆ ಎಲ್ಲ ಹೇಳಿ, "ತಪ್ಪು ನಂದು. ಬೀಗ ಹಾಕಬೇಡಿ ಮಿಸ್, ಬೇರೆಯವರು ಏನೂ ಮಾಡಿಲ್ಲ" ಅಂದೆ. ಅಷ್ಟು ಹೊತ್ತಿಗೆ ನಗು ನಿಂತಿತ್ತು. ಎಲ್ಲರೂ ಟ್ರಂಕನ್ನೇ ನೋಡುತ್ತಿದ್ದರು.

ಮಿಸ್ ಹೊಲಿಗೆಯನ್ನು ಎಳೆದು ನೋಡಿದರು. ಬಿಗಿಯಾಗಿತ್ತು. "ಬೀಗ ಹಾಕಲ್ಲ" ಅಂದರು. "ಆದರೆ ನಿನಗೆ ಮಾತ್ರ ಈ ವರ್ಷ ಮನೆಗೆ ಪುಸ್ತಕ ಇಲ್ಲ. ಟ್ರಂಕಲ್ಲಿರೋ ಪುಸ್ತಕ ಎಲ್ಲಾನೂ ಸಡಿಲ ಆಗಿವೆ, ಪ್ರತಿ ಶನಿವಾರ ಶಾಲೆ ಬಿಟ್ಟಮೇಲೆ ಇಲ್ಲೇ ಕೂತು ಒಂದೊಂದಾಗಿ ಹೊಲಿದು ಹೋಗು."

ಶಿಕ್ಷೆ ಅಂದರೆ ಶಿಕ್ಷೆಯೇ. ಆದರೆ ಹೊಲಿಯಬೇಕಾದರೆ ಪುಟಗಳ ಕ್ರಮ ನೋಡಬೇಕು, ಕ್ರಮ ತಿಳಿಯಬೇಕಾದರೆ ಕಥೆ ಓದಬೇಕು. ಆ ವರ್ಷ ಟ್ರಂಕಿನ ಎಲ್ಲ ಪುಸ್ತಕಗಳನ್ನೂ ಓದಿದವನು ನಾನೊಬ್ಬನೇ. ಮಿಸ್‌ಗೆ ಇದು ಗೊತ್ತಿತ್ತೋ ಇಲ್ಲವೋ, ನಾನಂತೂ ಕೇಳಲು ಹೋಗಲಿಲ್ಲ. ಮುಂದಿನ ವರ್ಷ ಆ ತರಗತಿಗೆ ಬಂದ ಪಕ್ಕದ ಮನೆಯ ಹುಡುಗಿ ದರ್ಜಿ ಪುಸ್ತಕ ತಂದಿದ್ದಳು. ಎಲ್ಲಕ್ಕಿಂತ ಹಸುವೇ ಚೆನ್ನಾಗಿದೆ ಅಂತ ನನಗೇ ಹೇಳಿದಳು. ನಾನು ಅವತ್ತು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ, ಅಷ್ಟು ಖುಷಿ.

ಈಗ ನಿಮ್ಮ ಕಪಾಟಿನ ತುಂಬ ಪುಸ್ತಕ. ಗುಂಡಿ ಒತ್ತಿದರೆ ಸಿಂಹ ಗರ್ಜಿಸುವ ಪುಸ್ತಕ, ನೀರಿಗೆ ಹಾಕಿದರೂ ನೆನೆಯದ ಪುಸ್ತಕ. ಒಂದು ಹಾಳಾದರೆ ಮರುದಿನ ಬಾಗಿಲಿಗೆ ಇನ್ನೊಂದು ಬರುತ್ತದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ. ನಮ್ಮ ಬೀದಿಯಲ್ಲೀಗ ಪೋಸ್ಟರೂ ಇಲ್ಲ, ಪೋಸ್ಟರು ಮೇಯುವ ಹಸುವೂ ಇಲ್ಲ.

ಆದರೆ ಹೋದ ವಾರ, ಈ ಕಥೆಯನ್ನು ನನ್ನಿಂದ ಎಷ್ಟೋ ಸಲ ಕೇಳಿದ್ದ ಮೊಮ್ಮಗಳು ಒಂದು ಪುಸ್ತಕ ಹಿಡಿದು ಬಂದಳು. ಅವಳ ತಮ್ಮ ಅದರ ಕೊನೆಯ ಹಾಳೆಯನ್ನು ಹರಿದು ದೋಣಿ ಮಾಡಿ ಮೋರಿಗೆ ಬಿಟ್ಟಿದ್ದನಂತೆ. ಹೊಸದು ತರಿಸೋಣ ಅಂದೆ. ಅವಳು ಅಡ್ಡಡ್ಡ ತಲೆಯಾಡಿಸಿ, ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರನ್ನು ತಾನೇ ಕೆಳಗಿಳಿಸಿದಳು.

"ಬೇಡ ತಾತ. ಏನಿತ್ತು ಅಂತ ನಂಗೆ ಜ್ಞಾಪಕ ಇದೆ, ನಾನೇ ಬರೀತೀನಿ. ನೀನು ದಬ್ಬಳ ಹುಡುಕು. ಆಮೇಲೆ ಮೂಲೇಲಿ ಒಂದು ಹಸು ಬರ್ಕೊಡು."