ಆರುವ ತನಕ ಕಾಯುವ ಕೆಲಸ

ಬೆಳಕು ಇನ್ನೂ ಕಾಂಪೌಂಡು ಗೋಡೆಯಿಂದ ಕೆಳಕ್ಕೆ ಇಳಿದಿಲ್ಲ. ಬಾನೆಟ್ ಎತ್ತಿದ ಕಾರಿನ ಮುಂದೆ ನಿಂತ ಹೆಂಗಸು ಎಂಜಿನ್ನಿನ ಹತ್ತಿರ ಅಂಗೈ ಹಿಡಿಯುತ್ತಾಳೆ, ಜ್ವರ ಬಂದ ಮಗುವಿನ ಹಣೆ ನೋಡುವವಳಂತೆ. ನೋಡಿದವಳೇ ಮುಖ ಗಂಟಿಕ್ಕುತ್ತಾಳೆ.

"ಯಾರು ಸರ್ ಇದನ್ನ ಸ್ಟಾರ್ಟ್ ಮಾಡಿದ್ದು?"

"ನಾನೇ. ಹಾಲು ತರೋಕೆ ಹೋಗಿದ್ದೆ. ನನ್ನ ಕಾರು ನಾನು ಓಡಿಸಬಾರದಾ?" ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಮನೆ ಯಜಮಾನ ಕೇಳುತ್ತಾನೆ.

"ನಾನು ಬರೋ ತನಕ ಮುಟ್ಟಬೇಡಿ ಅಂತ ನಿನ್ನೆ ಫೋನಲ್ಲಿ ಬಡ್ಕೊಂಡೆನಲ್ಲ. ಈಗ ಆರಲಿ."

ದಿನಕ್ಕೆ ಹತ್ತಾರು ಸಲ ಹೇಳುವ ಈ ಮಾತೇ ಅವಳಿಗೆ ಹೆಸರಾಗಿ ಅಂಟಿಕೊಂಡಿದೆ. ಜೊತೆ ಕೆಲಸದವರಿಗೆಲ್ಲ ಅವಳು 'ಆರಲಿ ಅಕ್ಕ'. ಮನೆಬಾಗಿಲಿಗೇ ಹೋಗಿ ಕಾರಿನ ಕೂಲಂಟ್ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ಕೂಲಂಟ್ ಎಂದರೆ ಎಂಜಿನ್ನಿನ ಮೈಬಿಸಿ ಇಳಿಸುತ್ತ ಅದರೊಳಗೆ ಸುತ್ತುವ ಬಣ್ಣದ ನೀರು. ಅದು ಸೋರಿ ಖಾಲಿಯಾದರೆ ಎಂಜಿನ್ ನಡುರಸ್ತೆಯಲ್ಲಿ ಕುದಿದು ಕೆಡುತ್ತದೆ. ಸೋರಿಕೆ ಹುಡುಕಬೇಕಾದದ್ದು ತಣ್ಣಗಿರುವಾಗ. ಕಾದ ಲೋಹದ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ ಮಾಯವಾಗುತ್ತದೆ. ಅದಕ್ಕೂ ಮಿಗಿಲಾಗಿ, ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ನೇರ ಮುಖಕ್ಕೆ ಚಿಮ್ಮುತ್ತದೆ.

ಕುಕ್ಕರಿನ ಹಬೆ ಇಳಿಯುವ ಮುಂಚೆ ಮುಚ್ಚಳ ಮುಟ್ಟಬಾರದೆಂದು ಅಡುಗೆಮನೆಗೆ ಕಾಲಿಡುವ ಮಕ್ಕಳಿಗೂ ಹೇಳಿಕೊಡುತ್ತೇವೆ. ಆದರೆ ಫೋನಿನಲ್ಲಿ ಗುಂಡಿ ಒತ್ತಿದರೆ ಮೆಕ್ಯಾನಿಕ್‌ನನ್ನು ಕಳಿಸುವ ಕಂಪನಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇಕಾಗಿಲ್ಲ. ಅದರ ಲೆಕ್ಕದಲ್ಲಿ ಕೈಯಲ್ಲಿ ಸ್ಪ್ಯಾನರ್ ಇದ್ದರೆ ಮಾತ್ರ ಕೆಲಸ. ಎಂಜಿನ್ ಆರಲೆಂದು ಕೂತ ಹೊತ್ತೆಲ್ಲ ಅವಳ ಹೆಸರಿನ ಮುಂದೆ 'ವಿಳಂಬ' ಎಂದು ಏರುತ್ತದೆ. ಈಗಾಗಲೇ ಹಾಗೆ ದೂರುಗಳು ಬಂದಿವೆ. ಇನ್ನೊಂದು ಬಂದರೆ ಕರೆ ಬರುವುದೇ ನಿಲ್ಲುತ್ತದೆ ಎಂದು ಮೇಲ್ವಿಚಾರಕ ಎಚ್ಚರಿಸಿದ್ದಾನೆ. ಅವಳ ಮನೆಯ ಒಲೆ ಉರಿಯುವುದು ಈ ಕರೆಗಳಿಂದಲೇ. ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅಣ್ಣ.

ಈ ಕೆಲಸ ಮೊದಲು ಅಣ್ಣನದು. ಗ್ಯಾರೇಜಿನಲ್ಲಿ ಒಂದು ದಿನ ಗಿರಾಕಿಯೊಬ್ಬ, ಮದುವೆಗೆ ಹೊತ್ತಾಯಿತೆಂದು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಮಾಲೀಕನೂ ದನಿಗೂಡಿಸಿದ. ಅಣ್ಣ ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತಿರುಗಿಸಿದ. ಎಡಗಣ್ಣು ಹೋಯಿತು, ಕೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಸುಲಿಯಿತು. ಗಿರಾಕಿ ಬೇರೆ ಗಾಡಿ ಹಿಡಿದು ಮದುವೆಗೆ ಹೋದ. ಆಸ್ಪತ್ರೆಗೆ ಬಂದ ಮಾಲೀಕ ಬಾಗಿಲಲ್ಲೇ ನಿಂತು, "ನಿಮ್ಮಣ್ಣ ಸ್ವಲ್ಪ ಹುಷಾರಾಗಿರಬೇಕಿತ್ತಮ್ಮ" ಎಂದ.

"ಅವಸರ ಮಾಡಿದೋರು ಅವರು, ಹುಷಾರಾಗಿರದೋನು ಇವನಂತೆ! ಗಾಯದ ಮೇಲೆ ಬರೆ ಎಳೆದ ಹಾಗಿತ್ತು," ಎನ್ನುವಾಗ ಅವಳ ದನಿ ಇವತ್ತಿಗೂ ಗಡುಸಾಗುತ್ತದೆ. ಅಣ್ಣ ಮಂಚದ ಮೇಲೆ ಮಲಗಿಯೇ ತನಗೆ ಗೊತ್ತಿದ್ದದ್ದನ್ನೆಲ್ಲ ತಂಗಿಗೆ ಹೇಳಿಕೊಟ್ಟ. ಮೊದಮೊದಲು ಅವಳು ಏಸಿಯ ನೀರು ತೊಟ್ಟಿಕ್ಕಿದರೂ ಸೋರಿಕೆ ಎಂದು ಕೂಗಿ ನಗೆಪಾಟಲಾದದ್ದುಂಟು. ಆದರೆ ಬಿಸಿ ಎಂಜಿನ್ನಿಗೆ ಮಾತ್ರ ಒಮ್ಮೆಯೂ ಕೈ ಹಾಕಿಲ್ಲ.

ಇತ್ತ ಅಂಗಳದಲ್ಲಿ ಯಜಮಾನನ ಸಹನೆ ಕರಗುತ್ತಿದೆ. "ನೀನು ಕೂತ್ಕೊಂಡು ಆಕಾಶ ನೋಡೋಕೆ ನಾನು ಕರೆಸಿದ್ನಾ? ಬಟ್ಟೆ ಹಾಕಿ ತಿರುಗಿಸಿದ್ರೆ ಆಯ್ತಪ್ಪ, ಅದೇನು ಬ್ರಹ್ಮವಿದ್ಯೆ!" ಎಂದವನೇ ಟವೆಲ್ಲು ಮಡಚಿಕೊಂಡು ಮುಂದೆ ಬರುತ್ತಾನೆ.

ಅವಳು ಬಾನೆಟ್ ಎಳೆದು ದಢಾರನೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಮುಚ್ಚಿದರೆ ಆರುವುದು ಇನ್ನೂ ತಡವೆಂದು ಅವಳಿಗೆ ಗೊತ್ತು.

"ದೂರು ಕೊಡೋದಾದ್ರೆ ಕೊಡಿ ಸರ್. ಮುಚ್ಚಳ ಮುಟ್ಟೋಕೆ ಬಿಡಲ್ಲ."

ಬಾಗಿಲಲ್ಲಿ ನಿಂತ ಅವನ ತಾಯಿ ನಗು ತಡೆಯಲಾರದೆ, "ಬೇಯೋ ತನಕ ಇದ್ದೋನಿಗೆ ಆರೋ ತನಕ ಇರೋಕಾಗಲ್ವೇನೋ? ಹುಟ್ಟೋವಾಗಲೂ ಹಿಂಗೇ, ತಿಂಗಳು ಮುಂಚೆನೇ ಓಡಿ ಬಂದೋನು!" ಎನ್ನುತ್ತಾರೆ. ಮಗ ಕೆಂಪಗಾಗಿ ಒಳಗೆ ಹೋಗುತ್ತಾನೆ. ಅಮ್ಮ ಒಂದು ಕುರ್ಚಿ ತಂದಿಡುತ್ತಾರೆ. ಅವಳು ಮೊದಲು ಬಾನೆಟ್ ಎತ್ತುತ್ತಾಳೆ, ಆಮೇಲೆ ಕೂರುತ್ತಾಳೆ.

ಬಿಸಿಲು ಅಂಗಳ ತುಂಬಿದ ಮೇಲೆ ರೇಡಿಯೇಟರಿನ ದಪ್ಪ ರಬ್ಬರ್ ಪೈಪನ್ನು ಹಿಸುಕಿ ನೋಡುತ್ತಾಳೆ. ಮೆತ್ತಗಿದೆ, ತಣ್ಣಗಿದೆ. ಈಗ ಮುಚ್ಚಳ ತೆಗೆದು, ಖಾಲಿಯಾದಷ್ಟು ಕೂಲಂಟ್ ತುಂಬಿಸಿ, ಸೈಕಲ್ ಪಂಪಿನಂಥ ಒಂದು ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಸಿಕ್ಕಿಸಿ ಗಾಳಿ ಒತ್ತುತ್ತಾಳೆ. ಪಂಪಿನ ಮೀಟರಿನ ಮುಳ್ಳು ಏರಿ ನಿಲ್ಲಬೇಕು. ಅದು ಮೆಲ್ಲಗೆ ಇಳಿಯುತ್ತದೆ. ಎಲ್ಲೋ ಬಿಡುತ್ತಿದೆ ಎಂದರ್ಥ. ಟಾರ್ಚ್ ಹಿಡಿದು ಕೆಳಗೆ ತೂರುತ್ತಾಳೆ. ಕೆಳಗಿನ ಪೈಪಿನ ಕುತ್ತಿಗೆಯಲ್ಲಿ ಒಣಗಿದ ಕೂಲಂಟಿನ ಗುಲಾಬಿ ಬಣ್ಣದ ಹೊಪ್ಪಳೆ, ಅದರ ತುದಿಯಲ್ಲಿ ಈಗಷ್ಟೇ ಮೂಡಿದ ಒಂದು ಹನಿ. ತುಕ್ಕು ಹಿಡಿದ ಕ್ಲಿಪ್ಪು. ಕೆಳಗೆ ಬೋಗುಣಿ ಇಟ್ಟು, ಕ್ಲಿಪ್ಪು ಬದಲಿಸಿ, ಮತ್ತೆ ತುಂಬಿಸಿ, ಗಾಳಿ ಒತ್ತುತ್ತಾಳೆ. ಮುಳ್ಳು ಏರಿದಲ್ಲೇ ನಿಲ್ಲುತ್ತದೆ.

"ಬೋಗುಣೀಲಿ ಬಿದ್ದಿದ್ದನ್ನ ಮೋರಿಗೆ ಚೆಲ್ಲಮ್ಮ," ಎನ್ನುತ್ತಾರೆ ಅಮ್ಮ.

"ಬೇಡ ಅಮ್ಮ, ಇದು ಸಿಹಿಯಾಗಿರುತ್ತೆ. ಬೀದಿನಾಯಿ ನೆಕ್ಕಿದ್ರೆ ಸತ್ತೇ ಹೋಗುತ್ತೆ," ಎಂದು ಅವಳು ಅದನ್ನು ಡಬ್ಬಿಗೆ ಸುರಿದುಕೊಳ್ಳುತ್ತಾಳೆ.

ಯಜಮಾನ ಹೊರಬಂದು ಕಾರು ಹತ್ತಿ ಹೋಗುತ್ತಾನೆ. ಅವಳು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಮೇಲ್ವಿಚಾರಕನ ಫೋನು. ದೂರು ಬಂದೇ ಬಿಟ್ಟಿದೆ: ಸುಮ್ಮನೆ ಕೂತು ಹೊತ್ತು ಕಳೆದಳು, ಜೊತೆಗೆ ಉದ್ಧಟತನ. ಸೋರಿಕೆ ನಿಂತ ವಿಷಯ ಅದರಲ್ಲಿಲ್ಲ. ನಾಳೆಯಿಂದ ಕರೆ ಇಲ್ಲ.

"ಕಾಯೋದಕ್ಕೆ ಯಾರು ದುಡ್ಡು ಕೊಡ್ತಾರಮ್ಮ?" ಎನ್ನುತ್ತಾನೆ ಅವನು.

"ನೀವೊಂದು ಸಲ ನಮ್ಮನೆಗೆ ಬನ್ನಿ. ಅಣ್ಣನ ಎದುರು ಕೂತು ಇದೇ ಮಾತು ಹೇಳಿ."

ಅತ್ತ ಕಡೆ ಫೋನು ಕಟ್ಟಾಗುತ್ತದೆ. ಕಣ್ಣು ಕಳೆದುಕೊಂಡವನಿಗೆ ಹುಷಾರಾಗಿರಬೇಕಿತ್ತು ಎಂದರು. ಹುಷಾರಾಗಿದ್ದವಳಿಗೆ ಸೋಮಾರಿ ಎನ್ನುತ್ತಿದ್ದಾರೆ. ಇವರಿಗೆ ಬೇಕಾದ ಕೆಲಸದವರು ಯಾವ ಲೋಕದಿಂದ ಇಳಿದು ಬರಬೇಕೋ!

ಇನ್ನು ಮುಂದೇನು ಎಂದು ಕೇಳಿದರೆ ಅವಳು ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾಳೆ. "ಕೈಯಲ್ಲಿ ಪಂಪಿದೆ. ನಾನೇ ಮನೆಮನೆ ಬಾಗಿಲು ತಟ್ಟಿ ಕೇಳ್ತೀನಿ." ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತ ಹೇಳುತ್ತಾಳೆ: "ಆ ಕಾರಿನ ಸಾಹೇಬ್ರು ನಾಳೆ ಕನ್ನಡಿ ಮುಂದೆ ನಿಂತು ಗಡ್ಡ ಹೆರ್ಕೋತಾರಲ್ಲ, ಎರಡು ಕೆನ್ನೆನೂ ಇರುತ್ತೆ. ದೂರು ಬರೆದ್ರೆ ಬರ್ಕೊಳ್ಳಲಿ ಬಿಡಿ."