ನಾಳೆ ಮಾಡೋಣ ಎಂದ ಪಾಠ

ಚನ್ನಪಟ್ಟಣದಲ್ಲಿ ಮುನಿಶಾಮಯ್ಯನವರಿಗೆ ‘ವಾಯ್ಸ್ ಮೇಷ್ಟ್ರು’ ಎಂದೇ ಹೆಸರು. ಇಂಗ್ಲಿಷ್ ವಾಕ್ಯವನ್ನು ಆಕ್ಟಿವ್‌ನಿಂದ ಪ್ಯಾಸಿವ್‌ಗೆ ಬದಲಿಸುವುದನ್ನು ಅವರ ಹಾಗೆ ಹೇಳಿಕೊಡುವವರು ಸುತ್ತಮುತ್ತ ಇಲ್ಲವಂತೆ. ಯಾರಾದರೂ ಹಾಗೆ ಹೊಗಳಿದರೆ ಮೇಷ್ಟ್ರು ಮುಖ ತಿರುಗಿಸುತ್ತಾರೆ. ಜನ ಅದನ್ನು ವಿನಯ ಅಂದುಕೊಂಡಿದ್ದಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ, ನಾಚಿಕೆ.

ಅವರು ಓದಿದ್ದು ಇತಿಹಾಸ. ಎಂಬತ್ತರ ದಶಕದಲ್ಲಿ ಶಾಲೆಯ ಇಂಗ್ಲಿಷ್ ಮೇಷ್ಟ್ರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಇಂಗ್ಲಿಷ್ ಪುಸ್ತಕವನ್ನು ಇವರ ಕೈಗೆ ತುರುಕಿದರು. ಗದ್ಯ, ಪದ್ಯ ಹೇಗೋ ದಾಟಿಸಿದರು. ಪ್ಯಾಸಿವ್ ವಾಯ್ಸ್ ಬಂದಾಗ ಮಾತ್ರ ಕೈಕಾಲೇ ಆಡಲಿಲ್ಲ. ‘ಮಕ್ಕಳೇ, ಇದು ನನಗೇ ಬರೋದಿಲ್ಲ’ ಅನ್ನಲು ಯಾವ ಮೇಷ್ಟ್ರಿಗೆ ಬಾಯಿ ಬರುತ್ತದೆ? “ಇದನ್ನ ನಾಳೆ ಮಾಡೋಣ, ಇವತ್ತು ರಜಾ ಅರ್ಜಿ ಬರೀರಿ” ಅಂದರು. ಆ ನಾಳೆ ಪರೀಕ್ಷೆಯವರೆಗೂ ಬರಲಿಲ್ಲ.

ಮುಂದಿನ ಬೆಂಚಿನ ಹಫೀಜಾ ಇಂಗ್ಲಿಷಿನಲ್ಲಿ ಮೂರು ಅಂಕಕ್ಕೆ ನಪಾಸಾದಳು. ಪ್ರಶ್ನೆಪತ್ರಿಕೆಯಲ್ಲಿ ಆ ಪಾಠದ್ದೇ ನಾಲ್ಕು ಅಂಕವಿತ್ತು. ನರ್ಸ್ ಆಗುತ್ತೇನೆಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ ಹುಡುಗಿ. ಅಪ್ಪ ಮತ್ತೆ ಪರೀಕ್ಷೆಗೆ ಕಟ್ಟಿಸಲಿಲ್ಲ. ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಕೂರಿಸಿದ.

ಸುದ್ದಿ ಕೇಳಿದ ವಾರವೇ ಮೇಷ್ಟ್ರು ಗೈಡ್ ತಂದು ಕೂತರು. ಕಲಿಯಲು ಹಿಡಿದದ್ದು ಎಂಟೇ ದಿನ. ಎಂಟು ದಿನ! ಅವಳ ಮನೆಯ ಬೀದಿಯವರೆಗೆ ಎರಡು ಸಲ ಹೋಗಿ, ಬಾಗಿಲು ತಟ್ಟದೆ ವಾಪಸಾದರು.

ಇಪ್ಪತ್ತು ವರ್ಷದ ಮೇಲೆ, ರಿಟೈರ್ ಆಗಿದ್ದ ಮೇಷ್ಟ್ರ ಮನೆಗೆ ಅವಳೇ ಮಗಳನ್ನು ಕರೆದುಕೊಂಡು ಬಂದಳು. ಕುದಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ತಾಯಿಯ ಬೆರಳ ತುದಿಗಳು ಬಿಳಚಿ ಸುಲಿದಿದ್ದವು.

“ನಾನು ಹಫೀಜಾ ಸಾ, ಗ್ಯಾಪ್ಕ ಐತಾ? ನನ್ ಮಗಳು ಇವಳು. ಆ ಪ್ಯಾಸಿವ್ ಒಂದು ತಲೆಗೆ ಹತ್ತಾ ಇಲ್ಲ. ನಾನೇ ಹೇಳ್ಕೊಡಾನ ಅಂದ್ರೆ ನಂಗೂ ಬರಕಿಲ್ಲ.”

ಮೇಷ್ಟ್ರು ಬಾಯಿ ತೆರೆದರು. ಇಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಫೀಜಾ ತಪ್ಪು ಮಾಡಿದವಳಂತೆ ಸಣ್ಣಗೆ ನಕ್ಕಳು.

“ನೀವು ಆ ಪಾಠ ಮಾಡಿದ್ ದಿನ ನಾನು ಇಸ್ಕೂಲಿಗೆ ಬಂದಿರ್ನಿಲ್ಲ ಅನ್ಸುತ್ತೆ ಸಾ. ನಂದೇ ತಪ್ಪು.”

ಆ ವರ್ಷ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ದಿನಾ ಹಾಜರಿ ಕೂಗಿದ್ದು ಮೇಷ್ಟ್ರೇ. ಬಂದ ಮಾತನ್ನು ನುಂಗಿಕೊಂಡು ಅವರು ಮಗಳ ಕಡೆ ತಿರುಗಿದರು.

“ಪುಸ್ತಕ ತೆಗಿಯವ್ವ” ಅಂದರು.